ಒಂಬತ್ತನೇ ಕ್ಲಾಸಿನ ರಿಸಲ್ಟ್ ಎಲ್ಲಿ ಹೋಯ್ತು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕ ಎಷ್ಟು ಅಂತ ಕೇಳಿದ್ರೆ ನಿದ್ದೆಗಣ್ಣಲ್ಲೂ ಹೇಳ್ತೀರ. 625ಕ್ಕೆ ಇಷ್ಟು, ಕನ್ನಡದಲ್ಲಿ ಇಷ್ಟು, ಗಣಿತದಲ್ಲಿ ಇಷ್ಟು. ಸರಿ, ಒಂಬತ್ತನೇ ಕ್ಲಾಸಲ್ಲಿ ಎಷ್ಟು ಬಂದಿತ್ತು? ನೆನಪಿಲ್ಲ ಅಲ್ವಾ? ನನಗೂ ಇಲ್ಲ. ಯಾರಿಗೂ ಇರಲ್ಲ.

ಆದರೆ ನಮ್ಮ ರಾಜ್ಯದಲ್ಲಿ ಒಂದು ಬ್ಯಾಚ್ ಇದೆ. ಅವರನ್ನ ಈ ಪ್ರಶ್ನೆ ಕೇಳಿದ್ರೆ ಉತ್ತರ ಬೇರೆ ಬರುತ್ತೆ. "ಪರೀಕ್ಷೆ ಬರೆದ್ವಿ, ಅಂಕ ಹೇಳ್ಲೇ ಇಲ್ಲ" ಅಂತಾರೆ. 2023-24ರಲ್ಲಿ ಒಂಬತ್ತನೇ ಕ್ಲಾಸಲ್ಲಿ ಇದ್ದ ಮಕ್ಕಳು ಅವರು. ನನ್ನ ಚಿಕ್ಕಮ್ಮನ ಮಗನೂ ಅವರಲ್ಲಿ ಒಬ್ಬ. ಆ ಒಂದು ವರ್ಷ ಏನಾಯ್ತು, ಯಾಕಾಯ್ತು, ಅದರಿಂದ ಯಾರಿಗೆ ಪೆಟ್ಟು ಬಿತ್ತು ಅನ್ನೋದೇ ಇವತ್ತಿನ ಸಂಚಿಕೆ.

ಮೊದಲು ಜಾಗ ಹೇಳ್ತೀನಿ. ಶಿರಾ ಗೇಟ್ ಗೊತ್ತಿಲ್ಲದವರಿಗೆ: ತುಮಕೂರು ಊರೊಳಗಿಂದ ಶಿರಾ ಕಡೆ ಹೊರಡೋ ರಸ್ತೆಯ ಬಾಯಿ ಅದು. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಅಲ್ಲಿ ನಿಂತ್ರೆ ಹಳ್ಳಿ ಕಡೆಯಿಂದ ಬರೋ ಬಸ್ಸುಗಳಿಂದ ಯೂನಿಫಾರ್ಮ್ ಹಾಕಿದ ಮಕ್ಕಳು ದಬದಬ ಇಳಿಯೋದು ಕಾಣುತ್ತೆ. ನಮ್ಮ ಹುಡುಗ ಕೋರಾ ಕಡೆಯಿಂದ ಹಾಗೆ ಬರ್ತಿದ್ದವನು. ತುಮಕೂರಿನ ಇನ್ನೊಂದು ವಿಶೇಷ, ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಜಿಲ್ಲೆ ಎರಡು. ಗುಬ್ಬಿ, ಕುಣಿಗಲ್ ಎಲ್ಲ ತುಮಕೂರು ಶೈಕ್ಷಣಿಕ ಜಿಲ್ಲೆ. ಇದೇ ರಸ್ತೆ ಹಿಡಿದು ಶಿರಾ ತಾಲ್ಲೂಕು ಹೊಕ್ಕರೆ ಅದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಸ್ಥಾನ ಬರುತ್ತೆ, ಊರಲ್ಲಿ ಅದರ ಬಗ್ಗೆ ಚರ್ಚೆನೂ ಆಗುತ್ತೆ. ಒಂಬತ್ತನೇ ಕ್ಲಾಸಿಗೆ ಇಂಥ ಪಟ್ಟಿ ಇಲ್ಲ. ಪಟ್ಟಿ ಇಲ್ಲದ ಕಡೆ ನಮ್ಮಲ್ಲಿ ಯಾರೂ ತಿರುಗಿ ನೋಡಲ್ಲ.

ಆ ವರ್ಷ ಮೇ 31ಕ್ಕೆ ಕ್ಲಾಸ್ ಶುರುವಾದ್ವು. ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹುಡುಗೀರು ಆಧಾರ್ ಕಾರ್ಡ್ ತೋರಿಸಿ ಹತ್ತಿದ್ರೆ ನಮ್ಮವನು ದುಡ್ಡು ಕಟ್ಟಿ ಮಾಡಿಸಿದ ಪಾಸ್ ತೋರಿಸ್ತಿದ್ದ. "ಅಕ್ಕ, ನಮಗೇನು ಶಕ್ತಿ ಇಲ್ವಾ?" ಅಂತ ಕೇಳ್ತಿದ್ದ. ಬಸ್ಸು ತುಂಬಿ ನಿಲ್ಲಿಸದೇ ಹೋದಾಗ ಮಾತ್ರ ಹುಡುಗ, ಹುಡುಗಿ ಇಬ್ಬರಿಗೂ ಸಮಾನ ನ್ಯಾಯ.

ಜೂನ್ ತಿಂಗಳಲ್ಲೇ ಇನ್ನೊಂದು. ಹೊಸ ಸರ್ಕಾರ ಬಂದಿತ್ತು, ಆರರಿಂದ ಹತ್ತನೇ ಕ್ಲಾಸಿನವರೆಗಿನ ಕನ್ನಡ ಮತ್ತು ಸಮಾಜ ವಿಜ್ಞಾನ ಪುಸ್ತಕದಲ್ಲಿ ಕೆಲವು ಪಾಠ ಬಿಡ್ಬೇಕು, ಕೆಲವು ಸೇರಿಸ್ಬೇಕು ಅಂತ ತೀರ್ಮಾನ ಆಯ್ತು. ಅಷ್ಟೊತ್ತಿಗೆ ಪುಸ್ತಕ ಅಚ್ಚಾಗಿ ಶಾಲೆಗಳಿಗೆ ಬಂದಾಗಿತ್ತು. ಹಾಗಾಗಿ ಅದಕ್ಕೆ ಪೂರಕ ಪುಸ್ತಕ ಅಂತ ಇನ್ನೊಂದು. ಬೋರ್ಡ್ ಪರೀಕ್ಷೆ ಒಂದನ್ನೇ ಹಿಡ್ಕೊಂಡು ಮಾತಾಡಿದ್ರೆ ಇದು ಮರೆತು ಹೋಗುತ್ತೆ. ಆ ಮಕ್ಕಳಿಗೆ ವರ್ಷ ಶುರುವಾಗಿದ್ದೇ "ಈ ಪಾಠ ಇದೆಯಾ, ಇಲ್ವಾ?" ಅನ್ನೋ ಪ್ರಶ್ನೆಯಿಂದ.

ಇನ್ನು ವರ್ಷ ನಡೆಯೋ ಕ್ರಮ. ನೀವು ಈಚೆಗೆ ಹೈಸ್ಕೂಲ್ ಮುಗಿಸಿದ್ರೆ ಗೊತ್ತಿರುತ್ತೆ: ನಾಲ್ಕು ಎಫ್ಎ, ಎರಡು ಎಸ್ಎ. ಎಫ್ಎ ಅಂದ್ರೆ ರೂಪಣಾತ್ಮಕ ಮೌಲ್ಯಮಾಪನ, ಎಸ್ಎ ಅಂದ್ರೆ ಸಂಕಲನಾತ್ಮಕ. ಹೆಸರು ಕೇಳಿ ಹೆದರ್ಬೇಡಿ. ಎಫ್ಎಯಲ್ಲಿ ಕಿರುಪರೀಕ್ಷೆ, ಪ್ರಾಜೆಕ್ಟ್, ಚಟುವಟಿಕೆ. ದಸರಾ ರಜೆಗೆ ಮುಂಚೆ ಎಸ್ಎ-1, ಮಾರ್ಚಲ್ಲಿ ಎಸ್ಎ-2. ಇದರ ಮೂಲ ಉದ್ದೇಶ ಒಳ್ಳೇದು, ಮಗು ಎಲ್ಲಿ ಎಡವ್ತಿದೆ ಅಂತ ವರ್ಷದ ನಡುವೆಯೇ ಕಂಡು ತಿದ್ದಬೇಕು. ನಡೆಯೋದು ಬೇರೆ. ಪ್ರಾಜೆಕ್ಟ್ ಅಂದ್ರೆ ರಾತ್ರಿ ಎಂಟಕ್ಕೆ ಸ್ಟೇಷನರಿ ಅಂಗಡಿಯಲ್ಲಿ ಚಾರ್ಟ್ ಶೀಟ್, ಸೌರವ್ಯೂಹದ ಚಿತ್ರದ ಹಾಳೆ, ಫೆವಿಕಾಲ್. ಅಂಟಿಸೋದು ಅಮ್ಮ ಅಥವಾ ಅಕ್ಕ, ಅಂಕ ಹುಡುಗನಿಗೆ. ನಾನು ಅಂಟಿಸಿದ ಶನಿಗ್ರಹಕ್ಕೆ ಒಳ್ಳೇ ಅಂಕ ಬಂತು. ಅವನಿಗೆ ಸೌರವ್ಯೂಹ ಬಂತಾ ಅಂತ ಯಾರೂ ಕೇಳಲಿಲ್ಲ.

ಮಧ್ಯಾಹ್ನದ ಊಟದಲ್ಲಿ ಆ ವರ್ಷ ಒಂದು ಒಳ್ಳೆ ಬದಲಾವಣೆ ಆಯ್ತು. ಅದುವರೆಗೆ ಎಂಟನೇ ಕ್ಲಾಸಿಗೆ ನಿಲ್ತಿದ್ದ ಮೊಟ್ಟೆ, ಬಾಳೆಹಣ್ಣು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಒಂಬತ್ತು, ಹತ್ತರ ಮಕ್ಕಳಿಗೂ ಬಂತು. ಮಳೆ ಕೈಕೊಟ್ಟ ವರ್ಷ ಅದು, ರಾಜ್ಯದ ಬಹುಪಾಲು ತಾಲ್ಲೂಕು ಬರ ಅಂತ ಘೋಷಣೆ ಆಗಿತ್ತು. ಅಂಥ ವರ್ಷದಲ್ಲಿ ಹದಿನಾಲ್ಕು ವರ್ಷದ ಹುಡುಗನ ತಟ್ಟೆಗೆ ಒಂದು ಮೊಟ್ಟೆ ಬೀಳೋದು ಸಣ್ಣ ಸುದ್ದಿ ಅಲ್ಲ.

ಈಗ ವಿಷಯಕ್ಕೆ ಬರೋಣ.

ಅಕ್ಟೋಬರ್ 2023. ದಸರಾ ರಜೆ ಶುರುವಾಗೋ ಹೊತ್ತಿಗೆ ಸರ್ಕಾರ ಅಧಿಸೂಚನೆ ಹೊರಡಿಸ್ತು. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 5, 8, 9ನೇ ಕ್ಲಾಸಿನ ಎಸ್ಎ-2 ಪರೀಕ್ಷೆಯನ್ನ ಶಾಲೆಗಳು ಮಾಡೋದಲ್ಲ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮಾಡುತ್ತೆ. ಅಂದ್ರೆ ಎಸ್ಸೆಸ್ಸೆಲ್ಸಿ ನಡೆಸೋ ಅದೇ ಮಂಡಳಿ. ಜೊತೆಗೆ ಪ್ರಥಮ ಪಿಯುಸಿಗೂ ಹಾಗೇ. ಪ್ರಶ್ನೆಪತ್ರಿಕೆ ರಾಜ್ಯಕ್ಕೆಲ್ಲ ಒಂದೇ. ಸರ್ಕಾರದವರು ಇದನ್ನ ಬೋರ್ಡ್ ಪರೀಕ್ಷೆ ಅನ್ನಲ್ಲ, ಮೌಲ್ಯಾಂಕನ ಅಂತಾರೆ. ಶಾಲೆಯಲ್ಲಿ, ಮನೆಯಲ್ಲಿ, ಟ್ಯೂಷನ್‌ನಲ್ಲಿ ಎಲ್ಲರ ಬಾಯಲ್ಲೂ ಅದು ಬೋರ್ಡ್ ಎಕ್ಸಾಮೇ.

ಇದರ ಹಿಂದಿನ ಕಾರಣ ಕೇಳಿದ್ರೆ ತಳ್ಳಿಹಾಕೋಕೆ ಆಗಲ್ಲ. ಈ ಬ್ಯಾಚಿನ ಲೆಕ್ಕ ಹಾಕಿ ನೋಡಿ. 2020ರ ಮಾರ್ಚಲ್ಲಿ ಲಾಕ್‌ಡೌನ್ ಬಂದಾಗ ಇವರು ಐದನೇ ಕ್ಲಾಸು. ಆರನೇ ಕ್ಲಾಸಿನ ಬಹುಪಾಲು ಮನೆಯಲ್ಲೇ, ಅಪ್ಪನ ಫೋನಲ್ಲೇ. ಏಳರಲ್ಲೂ ಶುರುವಿನ ತಿಂಗಳುಗಳು ಹಾಗೇ ಹೋದ್ವು. ಎಂಟಕ್ಕೆ ಬಂದಾಗ ಇಲಾಖೆ "ಕಲಿಕಾ ಚೇತರಿಕೆ" ಅಂತ ಒಂದು ಇಡೀ ವರ್ಷದ ಕಾರ್ಯಕ್ರಮ ಮಾಡಿತ್ತು, ಹಿಂದೆ ಬಿಟ್ಟುಹೋಗಿದ್ದನ್ನ ತುಂಬಿಸೋಕೆ. ಇಂಥ ಮಕ್ಕಳು ನೇರ ಹತ್ತನೇ ಕ್ಲಾಸಿಗೆ ಹೋಗಿ ನಿಂತಾಗ ಗೊತ್ತಾಗೋ ಬದಲು, ಒಂದು ವರ್ಷ ಮುಂಚೆ ಹೊರಗಿನವರು ಒಮ್ಮೆ ಅಳೆದು ನೋಡಲಿ ಅನ್ನೋದು ತಪ್ಪಾದ ಯೋಚನೆ ಅಂತ ನನಗೆ ಅನ್ಸಲ್ಲ.

ಗಣಿತದ ಪುಸ್ತಕ ತೆಗೆದು ನೋಡಿ, ಯಾಕೆ ಅಂತ ಗೊತ್ತಾಗುತ್ತೆ. ಒಂಬತ್ತರಲ್ಲಿ ಬಹುಪದೋಕ್ತಿಗಳು, ಹತ್ತರಲ್ಲೂ ಬಹುಪದೋಕ್ತಿಗಳು. ಒಂಬತ್ತರಲ್ಲಿ ಎರಡು ಚರಾಕ್ಷರಗಳಿರೋ ಒಂದು ಸಮೀಕರಣ, ಹತ್ತರಲ್ಲಿ ಅಂಥದ್ದು ಜೋಡಿ. ಒಂಬತ್ತರಲ್ಲಿ ತ್ರಿಭುಜಗಳ ಸರ್ವಸಮತೆ, ಹತ್ತರಲ್ಲಿ ಸಮರೂಪತೆ. ಒಂಬತ್ತರಲ್ಲಿ ವೃತ್ತದ ಜ್ಯಾ, ಹತ್ತರಲ್ಲಿ ಸ್ಪರ್ಶಕ. ಹತ್ತನೇ ಕ್ಲಾಸಿನ ಗಣಿತದ ಅರ್ಧ ಕಥೆ ಒಂಬತ್ತರಲ್ಲೇ ಶುರುವಾಗಿರುತ್ತೆ. ಮೊದಲ ಎಪಿಸೋಡ್ ಬಿಟ್ಟು ಎರಡನೇದಕ್ಕೆ ಕೂತ್ರೆ ಯಾರು ಯಾರ ಮಗ ಅಂತನೇ ತಿಳಿಯಲ್ಲ, ಹಾಗೆ.

ಹಾಗಾದ್ರೆ ವಿರೋಧ ಯಾಕೆ? ಖಾಸಗಿ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದ್ವು. ಇದೇ ಮೊದಲ ಸಲ ಅಲ್ಲ, ಹಿಂದಿನ ವರ್ಷವೇ ಇದೇ ನಾಟಕದ ಮೊದಲ ಅಂಕ ನಡೆದಿತ್ತು. 2022-23ರಲ್ಲಿ 5 ಮತ್ತು 8ಕ್ಕೆ ಮಂಡಳಿ ಪರೀಕ್ಷೆ ಅಂತ ಸುತ್ತೋಲೆ ಬಂದಿತ್ತು. 2023ರ ಮಾರ್ಚ್ 10ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನ ರದ್ದು ಮಾಡ್ತು. ಐದು ದಿನಕ್ಕೆ ವಿಭಾಗೀಯ ಪೀಠ ಪರೀಕ್ಷೆ ನಡೀಲಿ ಅಂದಿತು, ಷರತ್ತಿನ ಮೇಲೆ: ಪಠ್ಯದಿಂದ ಹೊರಗಿನ ಪ್ರಶ್ನೆ ಕೇಳಬಾರದು, ಫಲಿತಾಂಶ ಬಹಿರಂಗ ಮಾಡಬಾರದು, ಯಾರನ್ನೂ ಫೇಲ್ ಮಾಡಬಾರದು. ಮಾರ್ಚ್ 27ಕ್ಕೆ ಪರೀಕ್ಷೆ ಶುರುವಾಯ್ತು, ಸುಪ್ರೀಂ ಕೋರ್ಟ್ ತಡೀಲಿಲ್ಲ. ಆಗ ಎಂಟನೇ ಕ್ಲಾಸಲ್ಲಿ ಇದ್ದವರು ಯಾರು? ಇದೇ ಬ್ಯಾಚು.

ಕೋರ್ಟಿನ ಪ್ರಶ್ನೆ "ಪರೀಕ್ಷೆ ಒಳ್ಳೇದಾ ಕೆಟ್ಟದ್ದಾ" ಅನ್ನೋದಕ್ಕಿಂತ ಬೇರೆ. ಕಾಯ್ದೆ ಪ್ರಕಾರ ಹೀಗೊಂದು ಬದಲಾವಣೆ ತರೋ ದಾರಿ ಯಾವುದು, ಸುತ್ತೋಲೆ, ಅಧಿಸೂಚನೆಯಲ್ಲೇ ಮಾಡಬಹುದಾ, ನಿಯಮ ಮಾಡಿ ಸದನದ ಮುಂದೆ ಇಡಬೇಕಾ ಅನ್ನೋದು. ಜೊತೆಗೆ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಇದೆ, ಎಂಟನೇ ಕ್ಲಾಸ್ ಮುಗಿಯೋವರೆಗೆ ಮಗು ಯಾವ ಬೋರ್ಡ್ ಪರೀಕ್ಷೆಯನ್ನೂ ಪಾಸ್ ಮಾಡಬೇಕಾಗಿಲ್ಲ ಅನ್ನುತ್ತೆ ಅದು. ಒಂಬತ್ತನೇ ಕ್ಲಾಸು ಆ ಕಾಯ್ದೆಯ ಬೇಲಿಯಿಂದ ಹೊರಗೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ 2024ರ ಮಾರ್ಚ್. ದಿನದಿನದ ಲೆಕ್ಕ ಹೇಳ್ತೀನಿ, ಯಾಕಂದ್ರೆ ಆ ತಿಂಗಳಲ್ಲಿ ಮನೆಯಲ್ಲಿದ್ದವರಿಗೆ ಮಾತ್ರ ಇದರ ತಲೆನೋವು ಗೊತ್ತು.

ಮಾರ್ಚ್ 11ರ ಸೋಮವಾರ ಪರೀಕ್ಷೆ ಶುರು, ಟೈಮ್‌ಟೇಬಲ್ ಬಂದಾಗಿದೆ. ಮಾರ್ಚ್ 6, ಬುಧವಾರ: ಹೈಕೋರ್ಟ್ ಏಕಸದಸ್ಯ ಪೀಠ ಅಧಿಸೂಚನೆಯನ್ನೇ ರದ್ದು ಮಾಡ್ತು. ವಾಟ್ಸಾಪಲ್ಲಿ ಸುದ್ದಿ ಬಂದಿದ್ದೇ ತಡ, ನಮ್ಮ ಹುಡುಗ ಪುಸ್ತಕ ಮಡಚಿ ಬ್ಯಾಟ್ ತಗೊಂಡು ಹೊರಟ. ಮಾರ್ಚ್ 7, ಗುರುವಾರ: ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಡ್ತು, ಪರೀಕ್ಷೆ ಇದೆ. ಶುಕ್ರವಾರ ಶಿವರಾತ್ರಿ. ತುಮಕೂರಲ್ಲಿ ಶಿವರಾತ್ರಿ ಅಂದ್ರೆ ಸಿದ್ಧಗಂಗಾ ಜಾತ್ರೆಯ ಕಾಲ, ದನದ ಜಾತ್ರೆ, ಊರಿಗೆ ನೆಂಟರು. ಶನಿವಾರ ಎರಡನೇ ಶನಿವಾರ. ಆಮೇಲೆ ಭಾನುವಾರ. ಅಂದ್ರೆ ಪರೀಕ್ಷೆ ಇದೆಯೋ ಇಲ್ಲವೋ ಅಂತ ಮೇಷ್ಟ್ರನ್ನ ಕೇಳೋಕೆ ಶಾಲೆಯೇ ಇಲ್ಲದ ಮೂರು ದಿನ.

ಸೋಮವಾರ ಒಂದು ಭಾಷೆ, ಮಂಗಳವಾರ ಇನ್ನೊಂದು ಭಾಷೆ ಬರೆದ್ರು. ಆ ಮಂಗಳವಾರವೇ, ಮಾರ್ಚ್ 12ಕ್ಕೆ, ಸುಪ್ರೀಂ ಕೋರ್ಟ್ ವಿಭಾಗೀಯ ಪೀಠದ ಮಧ್ಯಂತರ ಆದೇಶವನ್ನ ತಳ್ಳಿಹಾಕ್ತು. ಪರೀಕ್ಷೆ ಅರ್ಧಕ್ಕೆ ನಿಂತಿತು. ಹತ್ತು ದಿನ ಏನೂ ಇಲ್ಲ. "ಓದ್ಲಾ ಬೇಡ್ವಾ?" ಅಂತ ಹುಡುಗ ಕೇಳ್ತಾನೆ, ಚಿಕ್ಕಮ್ಮನಿಗೆ ಏನು ಹೇಳ್ಬೇಕೋ ಗೊತ್ತಿಲ್ಲ. ಮಾರ್ಚ್ 22ಕ್ಕೆ ವಿಭಾಗೀಯ ಪೀಠ ಪೂರ್ತಿ ವಿಚಾರಣೆ ಮುಗಿಸಿ ಸರ್ಕಾರದ ಪರ ತೀರ್ಪು ಕೊಡ್ತು, ನಿಂತಲ್ಲಿಂದ ಮುಂದುವರಿಸಿ ಅಂತ. ಅದು ಶುಕ್ರವಾರ. ಸೋಮವಾರ, 25ರಿಂದ ಉಳಿದ ನಾಲ್ಕು ಪರೀಕ್ಷೆ. ಅದೇ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಶುರು. ಹೋಳಿ ಬೇರೆ. ಒಂದೇ ಶಾಲೆ, ಅವೇ ಮೇಷ್ಟ್ರು, ಎರಡು ಪರೀಕ್ಷೆ. ಹೇಗೋ 28ಕ್ಕೆ ಮುಗೀತು.

ನಮ್ಮ ಕಡೆ ದೊಡ್ಡವರಿಗೆಲ್ಲ ಏಪ್ರಿಲ್ ಹತ್ತು ಅಂದ್ರೆ ಪಾಸು-ಫೇಲಿನ ದಿನ, ಈಗಲೂ ಬಾಯಲ್ಲಿ ಹಾಗೇ ಇದೆ. ಆ ಸಲ ಏಪ್ರಿಲ್ 9 ಯುಗಾದಿ. ಹಬ್ಬದ ಹಿಂದಿನ ದಿನ, ಏಪ್ರಿಲ್ 8ಕ್ಕೆ, ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪಿಗೆ ತಡೆ ಕೊಡ್ತು. ಫಲಿತಾಂಶ ಪ್ರಕಟ ಮಾಡಬೇಡಿ, ಈಗಾಗಲೇ ಎಲ್ಲಾದ್ರೂ ಪ್ರಕಟ ಆಗಿದ್ರೆ ಅದನ್ನೂ ತಡೆಹಿಡಿಯಿರಿ, ಯಾವ ಕಾರಣಕ್ಕೂ ಬಳಸಬೇಡಿ ಅಂತ.

ಅಲ್ಲಿಗೆ ಮುಗೀತು. ಮಕ್ಕಳು ಬರೆದಿದ್ದಾರೆ, ಮೇಷ್ಟ್ರುಗಳು ತಿದ್ದಿದ್ದಾರೆ, ಅಂಕ ಎಲ್ಲೋ ಒಂದು ಕಡೆ ದಾಖಲಾಗಿದೆ. ಬರೆದವರಿಗೆ ಮಾತ್ರ ಗೊತ್ತಾಗಬಾರದು. ನಮ್ಮ ಹುಡುಗ ಹತ್ತನೇ ಕ್ಲಾಸಿಗೆ ಹೋದ. ಅವನ ಗಣಿತದ ಉತ್ತರಪತ್ರಿಕೆ ಅವನಿಗಾಗಲಿ, ಹತ್ತರಲ್ಲಿ ಪಾಠ ಮಾಡಬೇಕಾದ ಟೀಚರಿಗಾಗಲಿ ಸಿಗಲಿಲ್ಲ.

ಕೋರ್ಟನ್ನ ಬೈಯೋದು ಸುಲಭ. ಕಾನೂನಿನ ದಾರಿ ಬಿಟ್ಟು ಮಾಡಿದ್ದನ್ನ ಕೋರ್ಟ್ ಕೇಳ್ಲೇಬೇಕು. ಖಾಸಗಿ ಶಾಲೆಗಳಿಗೂ ಹೇಳೋಕೆ ನ್ಯಾಯವಾದ ಮಾತು ಇತ್ತು, ವರ್ಷದ ನಡುವೆ ಆಟದ ನಿಯಮ ಬದಲಿಸೋದು ಸರಿಯಲ್ಲ. ನನ್ನ ಸಿಟ್ಟು ಸರ್ಕಾರದ ಮೇಲೆ. 2023ರಲ್ಲಿ ಒಮ್ಮೆ ಪೆಟ್ಟು ತಿಂದ ಮೇಲೆ ಮುಂದಿನ ಜೂನ್ ಒಳಗೆ ನಿಯಮ ಸರಿಮಾಡ್ಕೊಂಡು, ಎಲ್ಲರನ್ನೂ ಕರೆದು ಮಾತಾಡಿ, ವರ್ಷದ ಮೊದಲ ದಿನವೇ ಮಕ್ಕಳಿಗೆ ಹೇಳಬಹುದಿತ್ತು. ಅದು ಬಿಟ್ಟು ಅಕ್ಟೋಬರಲ್ಲಿ ಅಧಿಸೂಚನೆ, ಮಾರ್ಚಲ್ಲಿ ವಕೀಲರು.

ಇನ್ನೂ ಮುಗೀಲಿಲ್ಲ. ಮುಂದಿನ ವರ್ಷ 8, 9, 10ಕ್ಕೆ ಅರ್ಧವಾರ್ಷಿಕ ಪರೀಕ್ಷೆಯೂ ಇದೇ ಗಲಾಟೆಗೆ ಸಿಕ್ಕಿತು. 2024ರ ಅಕ್ಟೋಬರ್ 21ಕ್ಕೆ ಸುಪ್ರೀಂ ಕೋರ್ಟ್ ಅದರ ಫಲಿತಾಂಶವನ್ನೂ ಪ್ರಕಟಿಸಬೇಡಿ ಅಂದಿತು. ಎಂಟರಲ್ಲಿ ಒಮ್ಮೆ, ಒಂಬತ್ತರಲ್ಲಿ ಒಮ್ಮೆ, ಹತ್ತರಲ್ಲಿ ಒಮ್ಮೆ. ಮೂರು ವರ್ಷ, ಅದೇ ಮಕ್ಕಳು.

ಆಮೇಲೆ ಬಂತು ಎಸ್ಸೆಸ್ಸೆಲ್ಸಿ. 2024ರಿಂದ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದಿತ್ತು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳೀತು, ಅದೂ ಕೃಪಾಂಕವನ್ನ ಶೇ 20ಕ್ಕೆ ಏರಿಸಿದ ಮೇಲೆ. ನಮ್ಮ ಬ್ಯಾಚಿನ ಸರದಿ 2025. ಕ್ಯಾಮೆರಾ ಇತ್ತು, ಆ ಕೃಪಾಂಕ ಇರಲಿಲ್ಲ. ಮೇ 2ಕ್ಕೆ ಬಂದ ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14. ಮೂರರಲ್ಲಿ ಒಬ್ಬರು ಪಾಸಾಗಲಿಲ್ಲ. ಇದಕ್ಕೆಲ್ಲ ಒಂಬತ್ತನೇ ಕ್ಲಾಸಿನ ಗೊಂದಲವೇ ಕಾರಣ ಅಂತ ನಾನು ಹೇಳಲ್ಲ, ಕ್ಯಾಮೆರಾ, ಕೃಪಾಂಕ, ಕೋವಿಡ್ ಎಲ್ಲವೂ ಇದೆ. ಆದರೆ ಇಷ್ಟು ಮಕ್ಕಳಿಗೆ "ನಿನಗೆ ಇಲ್ಲಿ ಬರ್ತಿಲ್ಲ" ಅಂತ ಹೇಳೋಕೆ ಒಂದು ವರ್ಷ ಮುಂಚೆ ಒಂದು ಅವಕಾಶ ಇತ್ತು, ಅದನ್ನ ಬೀಗ ಹಾಕಿ ಇಟ್ರು.

ನಮ್ಮವನಿಗೆ ಗಣಿತದಲ್ಲಿ 27 ಬಂತು. ಜೋಡಿ ಸಮೀಕರಣ ಅವನಿಗೆ ಬರ್ತಾನೇ ಇರಲಿಲ್ಲ, ಯಾಕಂದ್ರೆ ಒಂಟಿ ಸಮೀಕರಣವೇ ಬಂದಿರಲಿಲ್ಲ. ಆಗ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಇದ್ದಿದ್ರಿಂದ ಎರಡನೇದರಲ್ಲಿ ಪಾಸಾದ. ಆ ನಡುವಿನ ತಿಂಗಳಲ್ಲಿ ಒಬ್ಬ ಟೀಚರ್ ಅವನನ್ನ ಕೂರಿಸಿಕೊಂಡು ಒಂಬತ್ತನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡಿದ್ರು. "ಅಕ್ಕ, ಇದು ಇಷ್ಟೇನಾ?" ಅಂದ.

ಈಗ, ಆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಬೇಲಿ ವಿಷಯ. ಒಂಬತ್ತನೇ ಕ್ಲಾಸು ಶಿಕ್ಷಣ ಹಕ್ಕು ಕಾಯ್ದೆಯ ಹೊರಗೆ ಇರೋದ್ರಿಂದ ಅಲ್ಲೊಂದು ಕೆಲಸ ಸದ್ದಿಲ್ಲದೆ ನಡೆಯುತ್ತೆ. ಹತ್ತನೇ ಕ್ಲಾಸಲ್ಲಿ ನೂರಕ್ಕೆ ನೂರು ಫಲಿತಾಂಶ ಅಂತ ಫ್ಲೆಕ್ಸ್ ಹಾಕೋ ಆಸೆಗೆ, ಕೆಲವು ಶಾಲೆಗಳು ಒಂಬತ್ತರಲ್ಲೇ ಹಿಂದುಳಿದ ಮಕ್ಕಳ ಅಪ್ಪ-ಅಮ್ಮನನ್ನ ಕರೆಸಿ "ಟಿಸಿ ತಗೊಂಡು ಬೇರೆ ಕಡೆ ಸೇರಿಸಿ" ಅಂತಾರೆ. ಆ ಮಗು ಹತ್ತನೇ ಕ್ಲಾಸಿಗೆ ಹೊಸ ಶಾಲೆ, ಹೊಸ ಮೇಷ್ಟ್ರು, ಹೊಸ ಬಸ್ಸು. ಕೆಲವರು ಸೇರೋದೇ ಇಲ್ಲ. ಶಿರಾ ಗೇಟ್ ಸುತ್ತ ಗ್ಯಾರೇಜು, ಟೈರ್ ಅಂಗಡಿಗಳಲ್ಲಿ ಕೆಲಸ ಮಾಡೋ ಹುಡುಗರನ್ನ "ಎಲ್ಲಿವರೆಗೆ ಓದಿದ್ದೀಯಪ್ಪ?" ಅಂತ ಕೇಳಿ. "ನೈಂತ್" ಅನ್ನೋ ಉತ್ತರ ನಾನು ಒಂದೆರಡು ಸಲ ಅಲ್ಲ ಕೇಳಿರೋದು. ಬೋರ್ಡ್ ಪರೀಕ್ಷೆ ಬೇಡ ಅಂತ ಕೋರ್ಟಿಗೆ ಹೋಗೋಕೆ ಸಂಘಟನೆ ಇದೆ. ಈ ಹುಡುಗರಿಗೆ ಸಂಘಟನೆ ಇಲ್ಲ.

ನಿಮ್ಮ ತಮ್ಮನೋ ತಂಗಿಯೋ ಈಗ ಎಂಟು, ಒಂಬತ್ತರಲ್ಲಿ ಇದ್ರೆ ಮಾಡಬಹುದಾದ್ದು ಇಷ್ಟು. ಪ್ರತಿ ಎಫ್ಎ, ಎಸ್ಎ ಆದ ಮೇಲೆ ತಿದ್ದಿದ ಉತ್ತರಪತ್ರಿಕೆ ತೋರಿಸಿ ಅಂತ ಶಾಲೆಯಲ್ಲಿ ಕೇಳಿ. ಅಂಕಪಟ್ಟಿ ಸಾಲದು, ಪತ್ರಿಕೆಯೇ ಬೇಕು. ಯಾವ ಲೆಕ್ಕ ಬಿಟ್ಟಿದ್ದಾರೆ, ಯಾವುದನ್ನ ಅರ್ಧಕ್ಕೆ ನಿಲ್ಲಿಸಿದ್ದಾರೆ ನೋಡಿ. 2025-26ರಿಂದ ಎಸ್ಸೆಸ್ಸೆಲ್ಸಿ ಪಾಸಿಗೆ ಒಟ್ಟು ಶೇ 33 ಬಂದ್ರೆ ಸಾಕು, ಒಂದೊಂದು ವಿಷಯದಲ್ಲಿ ಕನಿಷ್ಠ 30 ಅಂತ ಇಳಿಸಿದ್ದಾರೆ. ಗೆರೆ ಕೆಳಗೆ ಬಂದಿದೆ, ಬಹುಪದೋಕ್ತಿ ಅಲ್ಲೇ ಇದೆ. ಟಿಸಿ ಮಾತು ಬಂದ್ರೆ ಬಾಯಿಮಾತಲ್ಲಿ ಒಪ್ಪಿ ಸಹಿ ಹಾಕ್ಬೇಡಿ. ಕಾರಣ ಬರೆದು ಕೊಡಿ ಅನ್ನಿ, ಅದನ್ನ ತಗೊಂಡು ಬಿಇಒ ಆಫೀಸಿಗೆ ಹೋಗಿ.

ನೀವು 2023-24ರ ಬ್ಯಾಚಿನವರಾಗಿದ್ರೆ, ನಿಮ್ಮ ಊರಲ್ಲಿ ಆ ಮಾರ್ಚ್ ಹೇಗಿತ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಶಾಲೆ ಹೆಸರು ಬೇಡ, ತಾಲ್ಲೂಕು ಹೇಳಿದ್ರೆ ಸಾಕು.